ಎಳ್ಳಿನಷ್ಟು ತಮ್ಮ

ಹಳೆಯದು ಇಷ್ಟೇ ಇದೆ:
ಸೋಪಿನ ಬಿಲ್ಲೆ ಸವೆದು ಸವೆದು
ಕೊನೆಯ ವಾರಕ್ಕೆ ಬಂದಾಗ ಇರುತ್ತದಲ್ಲ, ಅಷ್ಟು ತೆಳ್ಳಗೆ.
ಕುಶಿರೊ ಬಂದರಿನ ಮೀನು ಹರಾಜಿನಲ್ಲಿ
ನನ್ನ ರಬ್ಬರ್ ಏಪ್ರನ್ನಿನ ಜೇಬಿನೊಳಗೆ
ರಸೀದಿ ಪುಸ್ತಕದ ಬೆನ್ನಿಗೆ ಒರಗಿ
ಹತ್ತೊಂಬತ್ತು ವರ್ಷ ಮಲಗಿ ಎದ್ದಿದೆ.
ಅದರ ಸೆನ್ಸರ್ ನಿಮ್ಮ ಕಿರುಬೆರಳ ಉಗುರಿಗಿಂತ ಚಿಕ್ಕದು
ಎಂದವನು ನಿಶಿಗಾಕಿ ಅಂಗಡಿಯ ಹುಡುಗ.

ಹೊಸದರದ್ದು ಅಂಚೆಚೀಟಿಯಷ್ಟಂತೆ.
"ಬೆಳಕು ಮಳೆ ಇದ್ದ ಹಾಗೆ, ಅಕ್ಕ,
ಲೋಟ ಇಟ್ಟರೆ ಲೋಟದಷ್ಟು, ಹಂಡೆ ಇಟ್ಟರೆ ಹಂಡೆಯಷ್ಟು."
ಹಂಡೆಗೆ ಒಂದು ತಿಂಗಳ ಸಂಬಳ ಸುರಿದೆ.
"ಇದನ್ನೂ ಕೊಟ್ಟರೆ ಐನೂರು ಯೆನ್ ಇಳಿಸುತ್ತೇನೆ" ಅಂದ,
ಸತ್ತ ಇಲಿಮರಿಯ ಬಾಲ ಹಿಡಿದ ಹಾಗೆ
ಹಳೆಯದರ ದಾರ ಹಿಡಿದೆತ್ತಿ.
ಕೊಡಲಿಲ್ಲ.

ಕಾಂಪ್ಯಾಕ್ಟ್ ಅನ್ನುತ್ತಾರೆ ಹೊಸದನ್ನೂ,
ಯಾರ ಜೇಬು ನೋಡಿ ಹೇಳಿದರೋ.
ಕುತ್ತಿಗೆಗೆ ನೇತುಹಾಕಿಕೊಂಡು ಹೋದರೆ
ಹರಾಜಿನವರು ಕೂಗು ನಿಲ್ಲಿಸಿ
ಬೆನ್ನು ನೆಟ್ಟಗೆ ಮಾಡುತ್ತಾರೆ.
ಹಳೆಯದರ ಮುಂದೆ ಮೂಗು ಸೀಟುತ್ತಿದ್ದರು,
ತೂಕದಲ್ಲಿ ಮೋಸವೆಂದು ಬೈದಾಡುತ್ತಿದ್ದರು,
ಅದು ಕ್ಯಾಮೆರಾ ಅಂತ ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ.

ಆದರೂ ಒಪ್ಪಬೇಕು.
ಮಂಜುಗಡ್ಡೆಯ ಮೇಲೆ ಮಲಗಿದ ಸಾನ್ಮಾ ಮೀನಿನ ಬೆನ್ನಲ್ಲಿ
ನೀಲಿ ಎಷ್ಟು ಬಗೆಯೆಂದು
ಮೂವತ್ತು ವರ್ಷ ಮೀನು ತೂಗಿದ ನನಗೇ ಗೊತ್ತಿರಲಿಲ್ಲ.
ಹಳೆಯದಕ್ಕೆ ನೀಲಿ ಅಂದರೆ ಒಂದೇ ನೀಲಿ,
ಶಾಲೆಯ ಬಣ್ಣದ ಪೆಟ್ಟಿಗೆಯದು.

ಅದರಲ್ಲೊಂದು ಚಿತ್ರವಿದೆ.
ಅಕ್ಟೋಬರ್, ಬೆಳಗಿನ ಜಾವ ನಾಲ್ಕೂವರೆ, ಮಂಜು.
ಮಾರಿದ ದೋಣಿ ಧಕ್ಕೆ ಬಿಡುತ್ತಿದೆ,
ಈಚೆ ಅಪ್ಪನ ಬೆನ್ನು.
ಕತ್ತಲಿದ್ದಲ್ಲೆಲ್ಲ ಕೆಂಪು ಹಸಿರು ಎಳ್ಳು ಚೆಲ್ಲಿದ ಹಾಗೆ
ಕಾಳು ಕಾಳು.
ಬಲಮೂಲೆಯಲ್ಲಿ ಎಳ್ಳು ಒತ್ತಾಗಿ ಒಂದು ಆಕಾರ:
ತಮ್ಮ ಇಸಾಮು.
ಅಪ್ಪನೊಡನೆ ಮಾತು ಬಿಟ್ಟವನು
ದೂರ ನಿಂತಿದ್ದಾನೆ, ಒಂದು ಕೈ ಎತ್ತಿ.
ಅಪ್ಪನಿಗೆ ತೋರಿಸಿದ್ದೆ.
ಕನ್ನಡಕ ಏರಿಸಿದ, ಇಳಿಸಿದ, "ಹೂಂ" ಅಂದ.
ಮರುವಾರ ಇಸಾಮುವಿನ ಮನೆಗೆ
ಒಂದು ಪೆಟ್ಟಿಗೆ ಒಣಮೀನು ಹೋಯಿತು.

ಹೋದ ತಿಂಗಳು
ಅದೇ ಧಕ್ಕೆ, ಅದೇ ನಾಲ್ಕೂವರೆ, ಕೈಯಲ್ಲಿ ಹೊಸದು.
ಸುಮ್ಮನೆ, ಎರಡನ್ನೂ ಹೋಲಿಸಿ ನೋಡಲೆಂದು.
ಅಂಚೆಚೀಟಿ ಕತ್ತಲನ್ನೆಲ್ಲ ಗಟಗಟ ಕುಡಿದು
ಮುಖದ ಮೇಲೆ ಹೊಡೆದ ಹಾಗೆ ಹೇಳಿತು:
ಕಂಬ.
ಮುಳುಗುವವರಿಗೆ ಎಸೆಯುವ ಬಳೆಯನ್ನು
ತೂಗುಹಾಕುವ ಕಂಬ. ಎತ್ತಿದ ಕೈ ಅದರ ಕೊಕ್ಕೆ.
ದೊಡ್ಡದು ಮಾಡಿ ನೋಡಿದೆ,
ಬುಡದಲ್ಲಿ ನೆಟ್ಟ ಇಸವಿಯೂ ಓದಲು ಬಂತು:
ಶೋವಾ ಅರವತ್ತೆರಡು.
ನನ್ನ ಮೊದಲ ಸಂಬಳಕ್ಕಿಂತ ಹಳೆಯ ಕಂಬ.

ನೆಮುರೊಗೆ ಫೋನ್ ಮಾಡಿದೆ.
"ಆವತ್ತಾ? ದವಡೆ ಊದಿ ಮಲಗಿದ್ದೆ,
ಕಿಟಕಿ ಕೂಡ ತೆರೆದಿರಲಿಲ್ಲ."
ಆಮೇಲೆ ಸ್ವಲ್ಪ ಹೊತ್ತು ಬರೀ ಟಿವಿಯ ಸದ್ದು.
"ಓಹೋ," ಅಂದ, "ಒಣಮೀನು ಯಾಕೆ ಬಂತೂಂತ
ಈಗ ತಿಳೀತು."
ನಕ್ಕನೋ, ಮೂಗು ಎಳೆದುಕೊಂಡನೋ,
ಫೋನಿನಲ್ಲಿ ಅದೂ ಎಳ್ಳೇ.

ಅಪ್ಪನಿಗೆ ಇದನ್ನು ಹೇಳಬೇಕಿಲ್ಲ.
ಹೇಳಲು ಅವನಿಲ್ಲ ಕೂಡ.

ಈಗ ಎರಡೂ ಮೇಜಿನ ಮೇಲೆ ಚಾರ್ಜಿಗೆ ಕೂತಿವೆ.
ಹಳೆಯದಕ್ಕೆ ಹನ್ನೆರಡು ಚಿತ್ರಕ್ಕೇ ಉಸಿರು ಕಟ್ಟುತ್ತದೆ,
ಹೊಸದು ಇನ್ನೂರಕ್ಕೂ ಬೆವರುವುದಿಲ್ಲ.
ನಾಳೆ ಇಸಾಮು ಬರುತ್ತಾನೆ.
ಕಂಬದ ಪಕ್ಕ ನಿಲ್ಲಿಸಿ "ಕೈ ಎತ್ತು" ಅನ್ನುತ್ತೇನೆ.
ಹೊಸದರಲ್ಲಾದರೆ ಬೋಳುತಲೆ, ಕಟ್ಟಿಸಿದ ಹಲ್ಲು,
ಬಿಡಿಸಿ ಎಣಿಸುವಷ್ಟು ಹುಬ್ಬಿನ ಕೂದಲು.
ಹಳೆಯದರಲ್ಲಾದರೆ
ಯಾರು ಕಂಬ, ಯಾರು ತಮ್ಮ, ದೇವರೇ ಬಲ್ಲ.

ಹೊಸದರ ಲೆನ್ಸನ್ನು ಹತ್ತಿಬಟ್ಟೆಯಲ್ಲಿ ಒರೆಸಿಟ್ಟಿದ್ದೇನೆ.
ಏಪ್ರನ್ನನ್ನೂ ತೊಳೆದು ಮೊಳೆಗೆ ಹಾಕಿದ್ದೇನೆ,
ಜೇಬು ಹೊರಕ್ಕೆ ಮಗುಚಿ,
ಬೆಳಗಾಗುವುದರೊಳಗೆ ಒಣಗಲೆಂದು.