ಕಣ್ಣಳತೆ

ಅರ್ಧ ಮೈ ತೋರಿದರೆ ಸಾಕು, ಒಂದು ಸೆಕೆಂಡು:
ಕಂಡಂತೆ ಲೆಕ್ಕ.
ಜಾಹೀರಾತಿನ ಲೋಕದ ಕಟ್ಟಳೆಯಿದು.
ಪರದೆಯಂಚಿನಿಂದ ಅರ್ಧ ಶೂ ಇಣುಕಿ
ಹೆಬ್ಬೆರಳು ಮೇಲೆ ತಳ್ಳುವ ಮುನ್ನ ಚೂರು ನಿಂತರೆ
ಶೂ ಕಂಡಿತು, ಬಿಲ್ಲು ಬಿತ್ತು.

ನಿಜವಾಗಿ ಕಂಡಿತೆ? ನನಗೆ ಗೊತ್ತಿಲ್ಲ.
ಕಣ್ಣು ಎಣಿಸುವುದು ನನ್ನ ಕೆಲಸವಲ್ಲ,
ಎಣಿಸುವವರ ಕೈ ನಡುಗುತ್ತದೆಯೇ ಎಂದು ನೋಡುವುದು.

ಲೇವಾರ್ಡನ್ನಿನಿಂದ ಬೆಳಗಿನ ರೈಲು,
ಆಮ್‌ಸ್ಟರ್ಡ್ಯಾಮಿನ ಕಾಲುವೆ ಬದಿಯ ನಾಲ್ಕನೇ ಮಹಡಿ,
ಕಿಟಕಿ ತೆರೆಯದ ಕೋಣೆ, ಆರು ವಾರ.
ಅವರ ಕಾಫಿ ಕುಡಿಯಬಾರದೆಂಬ ನಿಯಮವೇನಿಲ್ಲ;
ನಾನೇ ಫ್ಲಾಸ್ಕು ಒಯ್ಯುತ್ತೇನೆ.
ಮುಖ್ಯಸ್ಥ ರೂಟ್ಗರ್ ಒಳ್ಳೆಯವನೇ,
ದಿನಾ ಬಾಗಿಲಿಗೊರಗಿ ಕೇಳುತ್ತಾನೆ:
ಮುದ್ರೆ ಯಾವತ್ತು ಬೀಳುತ್ತೆ, ವೀಟ್ಸ್ಕೆ?

ಇದಕ್ಕೂ ಮುಂಚೆ ನಾಲ್ಕು ಬೇಸಿಗೆ
ಹಾರ್ಲಿಂಗನ್ನಿನ ಫೆರಿ ಹತ್ತುವ ಹಲಗೆಯ ಬಳಿ ನಿಂತು
ತಲೆ ಎಣಿಸುತ್ತಿದ್ದೆ. ಅಂಗೈಯಲ್ಲಿ ಉಕ್ಕಿನ ಗುಂಡು ಯಂತ್ರ,
ಒಂದು ತಲೆಗೆ ಒಂದು ಕಟಕ್.
ಸೈಕಲ್ಲಿಗೆ ಇಲ್ಲ. ನಾಯಿಗೆ ಇಲ್ಲ.
ಕೋಟಿನೊಳಗೆ ಎದೆಗವಚಿದ ಕೂಸೊಂದು ದಾಟಿದಾಗ
ಹೆಬ್ಬೆರಳು ತಡವರಿಸಿತು. ಕ್ಯಾಪ್ಟನ್ ಸಿಬ್ರೆನ್ ಮೇಲಿನಿಂದ ಕೂಗಿದ:
ಹೊಟ್ಟೆಯೊಳಗಿದ್ದರೆ ಬೇಡ. ಹೊರಗಿದ್ದರೆ ಒಂದು.
ಮುಳುಗುವಾಗ ಅದಕ್ಕೂ ಬೇಕು ಜಾಕೆಟ್ಟು.

ಇಲ್ಲಿ ಯಾರೂ ಮುಳುಗುವುದಿಲ್ಲ.
ಹತ್ತುವವರಲ್ಲಿ ತಲೆಯೇ ಇಲ್ಲದವರು ಬಹಳ.
ಯಾವುದೋ ಗೋದಾಮಿನಲ್ಲಿ ಸಾಲಾಗಿ ತೂಗುಹಾಕಿದ ಫೋನುಗಳು,
ಬೆರಳಿಲ್ಲದೆ ಓಡುವ ಪುಟಗಳು;
ಸಾಸಿವೆಗಿಂತ ಚಿಕ್ಕ ಚೌಕದೊಳಗೆ ಇಡೀ ಕಾರು ಮಡಚಿಟ್ಟು
ಕಂಡಿತು ಕಂಡಿತು ಎಂದು ಬರೆಸುವವರು;
ಒಂದೇ ಮಧ್ಯಾಹ್ನ ಹನ್ನೊಂದು ಸಾವಿರ ಸಲ
ಒಂದೇ ಹಾಸಿಗೆಯ ಬೆಲೆ ಕೇಳಿದ, ಎಂದೂ ಮಲಗದ ಯಂತ್ರ.
ಇವನ್ನು ಸೋಸಲು ರೂಟ್ಗರನ ಬಳಿ ಜರಡಿಯಿದೆ.
ಬೇಕೆಂದೇ ಕಲ್ಲು ಬೆರೆಸಿ ನೋಡಿದೆ,
ಕಲ್ಲು ಮೇಲೆಯೇ ಉಳಿಯಿತು. ಒಳ್ಳೆಯ ಜರಡಿ.

ಮೇಲೆ ಉಳಿದದ್ದನ್ನೂ ಕೆದಕುವುದು ನನ್ನ ಚಾಳಿ.
ನಾಲ್ಕನೇ ವಾರ, ಬಿಸಾಡಿದ ಸಾಲುಗಳ ನಡುವೆ ಒಂದು:
ರಾತ್ರಿ ಎರಡು ನಲವತ್ತು. ಮತ್ತೆ ನಾಲ್ಕೂವರೆ.
ಮರುದಿನ ಎರಡು ನಲವತ್ತೆರಡು.
ಇಪ್ಪತ್ತು ನಿಮಿಷ ಅದೇ ಪುಟ, ಮೂಲೆಯಲ್ಲಿ ಟೆಂಟಿನ ಜಾಹೀರಾತು,
ಬೆರಳು ಮುಟ್ಟಿದ್ದು ಎರಡೇ ಸಲ, ಎಡದಿಂದ.
ಕಾರಣದ ಅಂಕಣದಲ್ಲಿ ಜರಡಿ ಬರೆದಿತ್ತು: ಮನುಷ್ಯರಲ್ಲ.

ಹೆಸರಿಲ್ಲ, ಊರಿಲ್ಲ; ಇರಲೂ ಕೂಡದು.
ಆದರೆ ಬಲಗೈಯಲ್ಲಿ ಏನೋ ಇದೆ ಅಂತ ಗೊತ್ತಾಯಿತು.
ನಲವತ್ತನೇ ರಾತ್ರಿಯಿಂದೀಚೆ
ಎರಡು ನಲವತ್ತು ಸರಿದು ಸರಿದು ಮೂರೂವರೆಯಾಗಿದೆ.
ಆಮೇಲಿನ ಎಚ್ಚರವೇ ಇಲ್ಲ.
ಏನೋ ಬೆಳೆಯುತ್ತಿದೆ ಅಲ್ಲಿ.
ಜರಡಿಗೆ ಅಳು ಕೇಳಿಸಿರಲಿಲ್ಲ. ನನಗೂ.

ಅಂಥವು ಆರುನೂರ ಹದಿನೇಳು ಸಿಕ್ಕವು.
ಕೋಟಿಗಳಲ್ಲಿ ಆರುನೂರು! ರೂಟ್ಗರ್ ನಕ್ಕ.
ಲೆಕ್ಕಕ್ಕೆ ಬಂದಿದ್ದರೆ ಅವರಿಗೇನು ಸಿಗುತ್ತಿತ್ತು?
ಇನ್ನೊಂದು ಟೆಂಟಿನ ಜಾಹೀರಾತು.
ನಿಜ. ಉತ್ತರ ಹೊಳೆಯಲಿಲ್ಲ.
ಆಟಕ್ಕುಂಟು, ಲೆಕ್ಕಕ್ಕಿಲ್ಲ;
ಆ ಹೊತ್ತಿನಲ್ಲಿ ಅವರು ಬಯಸಿದ್ದೂ ಅದನ್ನೇ ಇರಬಹುದು,
ಯಾರ ಲೆಕ್ಕಕ್ಕೂ ಸಿಗದೆ ಒಂದಿಷ್ಟು ಕೂರುವುದು.

ಮುದ್ರೆ ಒತ್ತಿದೆ. ಒತ್ತಲೇಬೇಕಿತ್ತು, ಯೋಗ್ಯವಾಗಿತ್ತು.
ನಲವತ್ತೆಂಟನೇ ಪುಟದ ಬುಡದಲ್ಲಿ, ಚಿಕ್ಕ ಅಕ್ಷರದಲ್ಲಿ,
ಒಂದು ಸಾಲು ಸೇರಿಸಿದೆ:
ಅಲುಗದೆ ಇರುವುದು ಯಂತ್ರಗಳು ಮಾತ್ರವಲ್ಲ.
ಯಾರಾದರೂ ಅಲ್ಲಿಯತನಕ ಓದುತ್ತಾರೋ ಇಲ್ಲವೋ.

ಸಂಜೆಯ ರೈಲಿನಲ್ಲಿ ಎದುರಿನ ಹುಡುಗನ ಮಡಿಲಲ್ಲಿ
ಫೋನು ತಾನೇ ಬೆಳಗುತ್ತಿತ್ತು.
ಅವನು ಕಿಟಕಿಯಾಚೆ ಕುರಿಗಳನ್ನು ನೋಡುತ್ತಿದ್ದ.
ಒಂದು ಸೆಕೆಂಡು. ಎರಡು.
ಕಂಡಂತೆ ಲೆಕ್ಕ.
ಕೋಟಿನ ಜೇಬಿನೊಳಗೆ ನನ್ನ ಹೆಬ್ಬೆರಳು
ಬರಿಗಾಳಿಯಲ್ಲಿ ಕಟಕ್ ಎಂದು ಒತ್ತಿತು,
ಹುಡುಗನಿಗೋ, ಕುರಿಗೋ.