ಹತ್ತಿ ಕಚ್ಚಿದ ಅರ್ಧ ಗಂಟೆ

ನೋವಿರಲ್ಲ, ನೂಕಿದ ಹಾಗಿರುತ್ತೆ,
ಅಂದಳು ಕುತೈಸಿಯ ಡಾಕ್ಟರ್ ಎತೇರಿ.
ಸದ್ದಿಗೆ ಹೆದರಬೇಡ,
ಮೂಳೆ ತನ್ನಷ್ಟಕ್ಕೆ ಗೊಣಗುವುದು ಅದು.

ಸೂಜಿ. ಆಮೇಲೆ ತುಟಿ ಯಾರದೋ ಆಯಿತು.
ನೊದಾರ್ ಮುಟ್ಟಿ ನೋಡಿದ:
ಪಕ್ಕದ ಮನೆಯವನದಿರಬೇಕು.

ನಲವತ್ತು ವರ್ಷ ಅಕ್ರೋಟು ಒಡೆದ ದವಡೆಹಲ್ಲು,
ಮಗಳ ಮದುವೆಯಲ್ಲಿ ಬಾಟಲಿಯ ಬಿರಡೆ ಕಿತ್ತದ್ದು,
ಇಕ್ಕಳಕ್ಕೆ ಮೊದಲು ಜಗ್ಗಲಿಲ್ಲ.
ಆಮೇಲೆ ಒದ್ದೆ ಗೋಡೆಯಿಂದ ಮೊಳೆ ಬಂದಂತೆ
ಬಂತು.
ತಟ್ಟೆಯಲ್ಲಿ ಟಣ್ ಎಂದಿತು.
ರಾತ್ರಿಯಿಡೀ ತಲೆ ತುಂಬಿದ್ದು ಇಷ್ಟೇನಾ?

ಹತ್ತಿ ಕಚ್ಚಿಕೋ. ಅರ್ಧ ಗಂಟೆ ಬಾಯಿ ತೆರೆಯಬೇಡ.
ಉಗುಳಬೇಡ. ಇವತ್ತು ದ್ರಾಕ್ಷಿ ಸಾರಾಯಿಯೂ ಬೇಡ.
ನಾಲಗೆ ಅಲ್ಲಿಗೇ ಹೋಗುತ್ತೆ, ಬೈಯಬೇಡ ಅದನ್ನ.

ಇಳಿಜಾರಿನಲ್ಲಿ ತೆಂಗೀಜ್ ಎದುರಾದ.
ಬೇಲಿಯ ಹಿಪ್ಪುನೇರಳೆ ಮರದ ಜಗಳ,
ಮೂರು ವರ್ಷ ಮಾತಿಲ್ಲ.
ಊದಿದ ಕೆನ್ನೆ ಕಂಡು ನಿಂತ.
‘ಹಲ್ಲಾ?’ ಅಂದ. ‘ನನ್ನದೂ, ಹೋದ ಚಳಿಗಾಲ...’

ಇವನ ಬಾಯಲ್ಲಿ ಬೈಗುಳ ಸಿದ್ಧವಿತ್ತು,
ಹತ್ತಿಯ ಹಿಂದೆ ನೆನೆಯುತ್ತಾ.
ತೆಂಗೀಜ್ ಹೇಳುತ್ತಲೇ ಇದ್ದ: ತನ್ನ ಹಲ್ಲು,
ಹೆಂಡತಿಯ ಮೊಣಕಾಲು,
ಮರಕ್ಕೆ ಹುಳ ಬಿದ್ದದ್ದು.
ನೊದಾರ್ ಕೇಳಿದ. ಬೇರೆ ದಾರಿ ಇರಲಿಲ್ಲ.

ಅರ್ಧ ಗಂಟೆ ಯಾವಾಗಲೋ ಆಗಿತ್ತು.
ಅವನಿನ್ನೂ ಹತ್ತಿ ಕಚ್ಚಿಕೊಂಡೇ ಇದ್ದ.