ಗುಂಡಿ

ಪೀಣ್ಯದಲ್ಲಿ ಹನ್ನೊಂದು ವರ್ಷ
ಹಸಿರು ಗುಂಡಿ ಒತ್ತಿದ್ದೇನೆ.
ಅದರ ಹಿಂದೇನಿದೆ, ಯಾರೂ ಹೇಳಲಿಲ್ಲ,
ನಾನೂ ಕೇಳಲಿಲ್ಲ.

ರಾತ್ರಿ, ಲಗ್ಗೆರೆಯ ಮನೆ. ಉಂಡ ತಟ್ಟೆ ಸರಿಸಿ
ಭುವನಾ ಬಿಳಿ ಹಲಗೆ ಇಟ್ಟಳು,
ಮೈಯೆಲ್ಲ ತೂತು, ಶ್ಯಾವಿಗೆ ಬಿಲ್ಲೆಯ ಹಾಗೆ.
ಪಕ್ಕಕ್ಕೊಂದು ನೀಲಿ ಬೋರ್ಡು.
ಎಸ್.ಪಿ. ರೋಡಿನ ಗುಂಡಿ:
ಹುರುಳಿಕಾಳಿನಷ್ಟು ತಲೆ, ನಾಲ್ಕು ಕಾಲು.

"ಒತ್ತಮ್ಮ."
ಒತ್ತುವ ಮೊದಲೇ ಕೆಂಪು ದೀಪ ಮಿಣುಕಿತು.
ಕೈ ಹತ್ತಿರ ಒಯ್ದರೆ ಉರಿಯಿತು, ತೆಗೆದರೆ ಆರಿತು,
ಆಮೇಲೆ ತಾನಾಗೇ ಮತ್ತೆ.
"ದೃಷ್ಟಿಯಾಗಿದೆ ಕಣೇ."
"ನೆಲ ಸಿಕ್ಕಿಲ್ಲ ಅದಕ್ಕೆ, ನೆಲೆಯೂ ಇಲ್ಲ."

ಕಂದು, ಕಪ್ಪು, ಕಿತ್ತಳೆ ಪಟ್ಟೆಯ
ಚೋಟುದ್ದ ರೆಸಿಸ್ಟರು,
ಒಂದು ಕಾಲು ಗುಂಡಿಯ ಸಾಲಿಗೆ
ಇನ್ನೊಂದು ನೆಲದ ತಂತಿಗೆ.
ದೀಪ ಸುಮ್ಮನಾಯಿತು.

ಈಗ ಒತ್ತಿದೆ. ಟಕ್.
ಉರಿಯಿತು. ಬಿಟ್ಟೆ. ಆರಿತು.
ಇಷ್ಟೇನಾ!

ಕಾರ್ಖಾನೆಯಲ್ಲಿ ಒತ್ತಿದರೆ
ನಲವತ್ತು ಟನ್ನು ಕೆಳಗಿಳಿಯುತ್ತದೆ.
ಇಲ್ಲೂ ನನ್ನ ಎಡಗೈ, ನನಗೇ ತಿಳಿಯದೆ,
ಬೆನ್ನ ಹಿಂದೆ ಅಡಗಿತ್ತು.

ಭುವನಾ ನೋಡಿದಳು, ಏನೂ ಅನ್ನಲಿಲ್ಲ.
ಡಬ್ಬಿ ತಡಕಿ ಇನ್ನೊಂದು ಗುಂಡಿ ತೆಗೆದು
ಹಲಗೆಯ ಆ ತುದಿಗೆ ಚುಚ್ಚಿದಳು.
"ಎರಡೂ ಕೈಲಿ ಒತ್ತು.
ಆಗ ಮಾತ್ರ ಉರೀಲಿ."